ಚೆಸ್ ಎಂಜಿನ್ ಕಟ್ಟಿ ಪರೀಕ್ಷಿಸಿದ ದಾಖಲೆ: ಹುಬ್ಬಳ್ಳಿ, ಮಾರ್ಚ್‌ನಿಂದ ಜೂನ್‌ವರೆಗೆ

ಚೆಸ್ ಆಡುವ ನನ್ನ ಪ್ರೋಗ್ರಾಂ, ಅಂದರೆ ಎಂಜಿನ್, ಈಗ ಸುಮಾರು 2,600 ಸಾಲಿನ ಸಿ ಪ್ಲಸ್ ಪ್ಲಸ್ ಕೋಡ್. ಒಂದೇ ಥ್ರೆಡ್, ಪಂದ್ಯ ಆಡಿಸುವ ತಂತ್ರಾಂಶದ ಜೊತೆ ಯುಸಿಐ ಎಂಬ ಸಂದೇಶ ಪದ್ಧತಿಯಲ್ಲಿ ಮಾತ್ರ ಮಾತಾಡುತ್ತದೆ, ನ್ಯೂರಲ್ ನೆಟ್‌ವರ್ಕ್ ಇಲ್ಲ. ಕೋಡ್ ಬರೆಯಲು ಹಿಡಿದ ಹೊತ್ತಿಗಿಂತ, ಬರೆದದ್ದರಿಂದ ಆಟ ನಿಜಕ್ಕೂ ಸುಧಾರಿಸಿತೋ ಇಲ್ಲವೋ ಎಂದು ತಿಳಿಯಲು ಹಿಡಿದ ಹೊತ್ತೇ ಹೆಚ್ಚು. ಆದ್ದರಿಂದ ಇಲ್ಲಿ ಪರೀಕ್ಷೆಯ ಭಾಗ ಉದ್ದವಿದೆ. ಆಲ್ಫಾ-ಬೀಟಾ (ನೋಡಬೇಕಿಲ್ಲದ ಕೊಂಬೆಗಳನ್ನು ಬಿಟ್ಟು ನಡೆ ಹುಡುಕುವ ವಿಧಾನ) ಎಂದರೇನು ಎಂಬ ಪಾಠ ಎಲ್ಲ ಕಡೆ ಸಿಗುತ್ತದೆ, ಅದನ್ನು ಮತ್ತೆ ಬರೆದಿಲ್ಲ.

ಸಾಮಾನು ಮತ್ತು ಖರ್ಚು

ಕೊಪ್ಪಿಕರ್ ರಸ್ತೆಯ ಕಡೆಯಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್: ಐ5-6500, ನಾಲ್ಕು ಕೋರ್, 8 ಜಿಬಿ ರ್‍ಯಾಮ್, ₹9,500. 240 ಜಿಬಿ ಎಸ್ಎಸ್‌ಡಿ ₹1,500. ಆಮೇಲೆ ಬೇಕಾಗಿ ಬಂದವು: 600 ವಿಎ ಯುಪಿಎಸ್ ₹2,800, 120 ಮಿಲಿಮೀಟರ್ ಕ್ಯಾಬಿನೆಟ್ ಫ್ಯಾನ್ ₹350, ಥರ್ಮಲ್ ಪೇಸ್ಟ್ ₹200. ಒಟ್ಟು ₹14,350. ಲಿನಕ್ಸ್, ಕಂಪೈಲರ್, ಪಂದ್ಯ ಆಡಿಸುವ ಕ್ಯೂಟ್‌ಚೆಸ್, ಫಾಸ್ಟ್‌ಚೆಸ್ ಎಲ್ಲವೂ ಪುಕ್ಕಟೆ. ಹೊಸ ಪ್ರೊಸೆಸರ್ ಬೇಕೇ ಬೇಕೆಂದಿಲ್ಲ. ಕೋರ್ ನಾಲ್ಕಿದ್ದು, ಯಂತ್ರ ರಾತ್ರಿಯಿಡೀ ಒಂದೇ ವೇಗದಲ್ಲಿ ಓಡಿದರೆ ಸಾಕು. ಆ ಎರಡನೆಯ ಮಾತು ಎಷ್ಟು ದೊಡ್ಡದೆಂದು ಏಪ್ರಿಲ್‌ನಲ್ಲಿ ಗೊತ್ತಾಯಿತು.

ಮಾರ್ಚ್ 8ರಿಂದ 23: ನಡೆಗಳ ಪಟ್ಟಿ ಮತ್ತು ಪರ್ಫ್ಟ್

ಬೋರ್ಡನ್ನು 64 ಬಿಟ್‌ನ ಸಂಖ್ಯೆಗಳಲ್ಲಿ ಇಟ್ಟೆ. ಆನೆ, ಒಂಟೆ, ಮಂತ್ರಿಯ ನಡೆಗಳಿಗೆ, ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕದಿಂದ ಉತ್ತರ ತೆಗೆಯುವ ಮ್ಯಾಜಿಕ್ ಬಿಟ್‌ಬೋರ್ಡ್. ಮೊದಲ ಎರಡು ವಾರ ಎಂಜಿನ್ ಒಂದು ಆಟವನ್ನೂ ಆಡಲಿಲ್ಲ, ಇಂತಿಷ್ಟು ನಡೆ ಆಳಕ್ಕೆ ಒಟ್ಟು ಎಷ್ಟು ದಾರಿಗಳಿವೆ ಎಂದು ಬರೀ ಎಣಿಸಿತು. ಈ ಎಣಿಕೆಯ ಪರೀಕ್ಷೆಯೇ ಪರ್ಫ್ಟ್. ಆರಂಭದ ಸ್ಥಿತಿಯಿಂದ ಒಂದೊಂದೇ ಆಳಕ್ಕೆ ಇಳಿದರೆ ಬರಬೇಕಾದ ಸಂಖ್ಯೆಗಳು ಇವು: 20, 400, 8902, 197281, 4865609, 119060324. ಒಂದು ಹೆಚ್ಚು ಬಂದರೂ ತಪ್ಪು, ಒಂದು ಕಡಿಮೆ ಬಂದರೂ ತಪ್ಪು.

ಆರಂಭದ ಸ್ಥಿತಿಯಲ್ಲಿ ಆರೂ ಆಳ ಬರೋಬ್ಬರಿ ಬಂದವು. ಅಲ್ಲಿಗೇ ನಿಲ್ಲಿಸಿ ಮುಂದೆ ಹೋಗಿದ್ದರೆ ಎರಡು ತಪ್ಪು ಒಳಗೇ ಉಳಿಯುತ್ತಿದ್ದವು.

ಮೊದಲನೆಯದು ಎನ್ ಪಾಸಾಂ: ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಎದುರಾಳಿಯ ಕಾಲಾಳನ್ನು, ಅದು ಒಂದೇ ಮನೆ ನಡೆದಂತೆ ಎಣಿಸಿ ನಮ್ಮ ಕಾಲಾಳು ಹೊಡೆಯುವ ನಡೆ. ಇದಕ್ಕೆ ಪ್ರಸಿದ್ಧವಾದ ಒಂದು ಪರೀಕ್ಷಾ ಸ್ಥಿತಿ ಇದೆ. ಬಿಳಿ: ರಾಜ ಎ5, ಆನೆ ಬಿ4, ಕಾಲಾಳು ಬಿ5, ಇ2, ಜಿ2. ಕಪ್ಪು: ರಾಜ ಹೆಚ್4, ಆನೆ ಹೆಚ್5, ಕಾಲಾಳು ಸಿ7, ಡಿ6, ಎಫ್4. ನಡೆ ಬಿಳಿಯದು. ಬರಬೇಕಾದದ್ದು 14, 191, 2812, 43238. ನನ್ನದು ಎರಡನೇ ಆಳದಲ್ಲಿ 193 ತೋರಿಸಿತು. ಎರಡು ಹೆಚ್ಚು.

ಇಂಥಲ್ಲಿ ಕೋಡನ್ನು ದಿಟ್ಟಿಸುತ್ತ ಕೂರಬಾರದು, ಮೊದಲ ನಡೆಯ ಪ್ರಕಾರ ಎಣಿಕೆಯನ್ನು ಬಿಡಿಸಿ ನೋಡಬೇಕು. ಹಾಗೆ ಬಿಡಿಸಿದಾಗ ಇ2-ಇ4 ಆದಮೇಲೆ ಕಪ್ಪಿಗೆ 16 ನಡೆ ಇರಬೇಕಾದಲ್ಲಿ 17, ಜಿ2-ಜಿ4 ಆದಮೇಲೆ 17 ಇರಬೇಕಾದಲ್ಲಿ 18 ಬಂದಿದ್ದವು. ಉಳಿದ ಹನ್ನೆರಡು ನಡೆಗಳ ಎಣಿಕೆ ಸರಿ. ಈಗ ಬೋರ್ಡಿನ ನಾಲ್ಕನೇ ಸಾಲು ನೋಡಿ. ಬಿ4ರಲ್ಲಿ ಬಿಳಿ ಆನೆ, ಹೆಚ್4ರಲ್ಲಿ ಕಪ್ಪು ರಾಜ, ನಡುವೆ ಇ4ಕ್ಕೆ ಬಂದ ಬಿಳಿ ಕಾಲಾಳು ಮತ್ತು ಎಫ್4ರ ಕಪ್ಪು ಕಾಲಾಳು. ನಡುವೆ ಎರಡು ಕಾಯಿ ಇರುವುದರಿಂದ ಎಫ್4ರ ಕಾಲಾಳು ಕಟ್ಟಿಹಾಕಿಕೊಂಡಿಲ್ಲ ಎಂದು ನನ್ನ ಕೋಡ್ ತೀರ್ಮಾನಿಸಿತ್ತು. ಆದರೆ ಎನ್ ಪಾಸಾಂನಲ್ಲಿ ಹೊಡೆದ ಕಾಯಿಯೂ ಹೊಡೆಸಿಕೊಂಡ ಕಾಯಿಯೂ ಒಂದೇ ಏಟಿಗೆ ಆ ಸಾಲಿನಿಂದ ಎದ್ದು ಹೋಗುತ್ತವೆ, ರಾಜ ನೇರವಾಗಿ ಆನೆಯ ಬಾಯಿಗೆ ಬೀಳುತ್ತಾನೆ. ಆ ನಡೆಗೆ ಅವಕಾಶವೇ ಇಲ್ಲ. ಜಿ4ರದ್ದೂ ಇದೇ ಕಥೆ. ಪರಿಹಾರ: ಎನ್ ಪಾಸಾಂ ನಡೆ ಬಂದಾಗ ಮಾತ್ರ ಎರಡೂ ಕಾಲಾಳುಗಳನ್ನು ತೆಗೆದು, ರಾಜನಿಗೆ ಚೆಕ್ ಇದೆಯೇ ಎಂದು ಪ್ರತ್ಯೇಕವಾಗಿ ನೋಡುವುದು. ಅಪರೂಪದ ನಡೆಯಾದ್ದರಿಂದ ವೇಗಕ್ಕೆ ಪೆಟ್ಟಿಲ್ಲ.

ಎರಡನೆಯದು ಕ್ಯಾಸ್ಲಿಂಗ್, ರಾಜನೂ ಮೂಲೆಯ ಆನೆಯೂ ಒಂದೇ ಸರದಿಯಲ್ಲಿ ಕದಲುವ ನಡೆ. ಕಿವಿಪೀಟ್ ಎಂಬ ಇನ್ನೊಂದು ಪರೀಕ್ಷಾ ಸ್ಥಿತಿಯಲ್ಲಿ 48, 2039, 97862 ಸರಿ ಬಂದು, ನಾಲ್ಕನೇ ಆಳದಲ್ಲಿ 4085603 ಬರಲಿಲ್ಲ. ಮೂಲೆಯ ಆನೆ ತಾನೇ ಕದಲಿದರೆ ಕ್ಯಾಸ್ಲಿಂಗ್ ಹಕ್ಕು ತೆಗೆಯುತ್ತಿದ್ದೆ. ಅದೇ ಆನೆಯನ್ನು ಎದುರಾಳಿ ಹೊಡೆದರೆ ತೆಗೆಯುವುದನ್ನು ಮರೆತಿದ್ದೆ. ಮೂರನೇ ನಡೆಯಲ್ಲಿ ಬಿಳಿ ಕುದುರೆ ಹೆಚ್8ರ ಆನೆಯನ್ನು ಹೊಡೆದರೆ, ನಾಲ್ಕನೆಯದರಲ್ಲಿ ಕಪ್ಪು ರಾಜ ಇಲ್ಲದ ಆನೆಯ ಜೊತೆ ಕ್ಯಾಸ್ಲ್ ಮಾಡುತ್ತಿದ್ದ. ಅದಕ್ಕೇ ಮೂರನೇ ಆಳದವರೆಗೆ ಸುಳಿವೇ ಸಿಕ್ಕಿರಲಿಲ್ಲ. ನಡೆ ಹೊರಟ ಮನೆ, ತಲುಪಿದ ಮನೆ ಎರಡಕ್ಕೂ ಹಕ್ಕಿನ ಮಾಸ್ಕ್ ಹಾಕಿದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯುತ್ತದೆ.

ಮಾರ್ಚ್ 24ರಿಂದ ಏಪ್ರಿಲ್ 5: ಹುಡುಕಾಟ, ಅಂಕ, ಯುಸಿಐ

ಈ ಭಾಗ ಬೇಗ ಆಯಿತು. ಆಲ್ಫಾ-ಬೀಟಾ, ಒಂದೊಂದೇ ಆಳ ಹೆಚ್ಚಿಸುತ್ತ ಹೋಗುವುದು, ಕೊನೆಯಲ್ಲಿ ಕಾಯಿ ಹೊಡೆಯುವ ನಡೆಗಳನ್ನಷ್ಟೇ ನೋಡುವ ಕ್ವಯಸೆನ್ಸ್ ಹುಡುಕಾಟ. ಹೊಡೆತಗಳ ಕ್ರಮ: ದೊಡ್ಡ ಕಾಯಿಯನ್ನು ಸಣ್ಣ ಕಾಯಿ ಹೊಡೆಯುವುದು ಮೊದಲು. ಅಂಕಕ್ಕೆ ರೊನಾಲ್ಡ್ ಫ್ರೆಡರಿಕ್ ಅವರ ಪೆಸ್ಟೊ ಕೋಷ್ಟಕಗಳನ್ನು ಹಾಗೆಯೇ ಬಳಸಿದೆ. ಪ್ರತಿ ಕಾಯಿಗೆ, ಪ್ರತಿ ಮನೆಗೆ ನಡು ಆಟದ್ದೊಂದು, ಅಂತ್ಯದ್ದೊಂದು ಅಂಕ. ಬೋರ್ಡಿನಲ್ಲಿ ಉಳಿದ ಕಾಯಿಗಳನ್ನು ನೋಡಿ ಎರಡನ್ನೂ ಬೆರೆಸುವುದು. ಕುದುರೆ, ಒಂಟೆಗೆ 1, ಆನೆಗೆ 2, ಮಂತ್ರಿಗೆ 4 ಎಂದು ಲೆಕ್ಕ ಹಾಕಿದರೆ ಪೂರ್ತಿ ಬೋರ್ಡಿಗೆ 24. ಕಾಲಾಳು ಭಡ್ತಿಯಾಗಿ ಮಂತ್ರಿಯಾದರೆ ಈ ಲೆಕ್ಕ 24 ದಾಟಬಹುದು, ಅಲ್ಲಿ ಮಿತಿ ಹಾಕಲು ಮರೆಯಬೇಡಿ. ಮೊದಲ ಆವೃತ್ತಿಗೆ ಸ್ವಂತ ಕೋಷ್ಟಕ ಬರೆಯುವ ಆಸೆಯನ್ನು ಬಿಡುವುದು ಛಲೋ. ಹುಡುಕಾಟದಲ್ಲಿ ತಪ್ಪಿದೆಯೋ ಅಂಕದಲ್ಲಿ ತಪ್ಪಿದೆಯೋ ಎಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಸಿಕ್ಕಿಬಿದ್ದ ಜಾಗ ಒಂದೇ. ಟರ್ಮಿನಲ್‌ನಲ್ಲಿ ಸರಿಯಾಗಿ ಉತ್ತರಿಸುತ್ತಿದ್ದ ಎಂಜಿನ್ ಕ್ಯೂಟ್‌ಚೆಸ್ ಒಳಗೆ ಸುಮ್ಮನೆ ಕೂರುತ್ತಿತ್ತು. ಉತ್ತರ ಬಫರ್‌ನಲ್ಲೇ ಉಳಿದಿತ್ತು. ಪ್ರತಿ ಸಾಲಿನ ನಂತರ ಫ್ಲಶ್ ಮಾಡಿ ಹೊರಗೆ ಕಳಿಸಿದ ಕೂಡಲೇ ಸರಿಹೋಯಿತು. ಇದಕ್ಕೆ ಒಂದು ಸಂಜೆ ಹಾಳಾಯಿತು.

ಏಪ್ರಿಲ್ 6ರಿಂದ 13: ಹ್ಯಾಶ್ ಟೇಬಲ್, ಮತ್ತು ಮುಗಿಯದ ಮೇಟ್

ಹ್ಯಾಶ್ ಟೇಬಲ್ ಎಂದರೆ ಈಗಾಗಲೇ ನೋಡಿದ ಸ್ಥಿತಿಗಳ ಅಂಕ ಬರೆದಿಡುವ ಪಟ್ಟಿ. ಸ್ಥಿತಿಯನ್ನು ಗುರುತಿಸಲು ಬಳಸುವ ಜೋಬ್ರಿಸ್ಟ್ ಕೀಲಿಗಳು 781: ಕಾಯಿ ಮತ್ತು ಮನೆಗೆ 768, ಕ್ಯಾಸ್ಲಿಂಗ್‌ಗೆ 4, ಎನ್ ಪಾಸಾಂನ ಲಂಬ ಸಾಲುಗಳಿಗೆ 8, ಯಾರ ಸರದಿ ಎಂಬುದಕ್ಕೆ 1. ಒಂದು ದಾಖಲೆಗೆ 16 ಬೈಟ್, 64 ಎಂಬಿಯಲ್ಲಿ 41,94,304 ದಾಖಲೆ ಹಿಡಿಯುತ್ತವೆ.

ಹ್ಯಾಶ್ ಹಾಕಿದ ಮೇಲೆ ಎಂಜಿನ್ ವೇಗವಾಗಿ ಆಳಕ್ಕೆ ಇಳಿಯಿತು, ಆದರೆ ಗೆದ್ದ ಆಟಗಳನ್ನು ಡ್ರಾ ಮಾಡತೊಡಗಿತು. ರಾಜ-ಆನೆ ಎದುರಿಗೆ ಒಂಟಿ ರಾಜ ಇರುವ ಅಂತ್ಯದಲ್ಲಿ 'ಇನ್ನು ನಾಲ್ಕೇ ನಡೆಯಲ್ಲಿ ಮೇಟ್' ಎಂದು ತೋರಿಸುವುದು, ಮುಂದಿನ ನಡೆಯಲ್ಲೂ ನಾಲ್ಕು, ಅದರ ಮುಂದೆಯೂ ನಾಲ್ಕು. ಆನೆ ಅತ್ತಿಂದಿತ್ತ ಓಡಾಡಿ ಕೊನೆಗೆ 50 ನಡೆಯ ನಿಯಮಕ್ಕೆ ಸಿಕ್ಕು ಡ್ರಾ.

ಕಾರಣ ಮೇಟ್‌ನ ಅಂಕ. ಮೇಟ್‌ಗೆ 30000, ಅದರಲ್ಲಿ ಬೇರಿನಿಂದ (ಈಗ ಬೋರ್ಡಿನಲ್ಲಿರುವ ಸ್ಥಿತಿಯಿಂದ) ಎಷ್ಟು ಅರ್ಧನಡೆ (ಒಂದು ಪಕ್ಷದ ಒಂದು ನಡೆ) ದೂರವೋ ಅಷ್ಟು ಕಳೆಯುವುದು ರೂಢಿ. ಬೇರಿನಿಂದ 5 ಅರ್ಧನಡೆ ಕೆಳಗಿರುವ ಒಂದು ಸ್ಥಿತಿಯಲ್ಲಿ, ಅಂದರೆ ನೋಡ್‌ನಲ್ಲಿ ನಿಂತಾಗ ಬೇರಿನಿಂದ 9ರಲ್ಲಿ ಮೇಟ್ ಸಿಕ್ಕರೆ ಅಂಕ 29991. ಇದನ್ನು ಹಾಗೆಯೇ ಟೇಬಲ್‌ನಲ್ಲಿ ಬರೆದರೆ ತಪ್ಪು. ಆ ಸ್ಥಿತಿಯಿಂದ ಮೇಟ್ ಇರುವುದು 4 ಅರ್ಧನಡೆ ದೂರ, ಬರೆಯಬೇಕಾದದ್ದು 29991 ಕೂಡಿಸು 5, ಅಂದರೆ 29996. ನಾಳೆ ಅದೇ ಸ್ಥಿತಿ ಬೇರಿನಿಂದ 3ರಲ್ಲಿ ಎದುರಾದರೆ 3 ಕಳೆದು 29993 ಎಂದು ಓದಬೇಕು. ನಾನು ಬರೆಯುವಾಗ ಕಳೆದು ಓದುವಾಗ ಕೂಡಿಸಿದ್ದೆ. ಮೇಟ್ ಆಗುವ ಪಕ್ಷಕ್ಕೆ ಚಿಹ್ನೆಗಳು ತಿರುಗುಮುರುಗು, ಅದನ್ನೂ ಬೇರೆಯಾಗಿ ಪರೀಕ್ಷಿಸಿ. ಎಂಜಿನ್ ಕ್ರ್ಯಾಶ್ ಆಗುವುದಿಲ್ಲ, ಎಚ್ಚರಿಕೆ ಬರುವುದಿಲ್ಲ, ಹತ್ತು ಆಟದಲ್ಲಿ ಎಂಟು ಚೆನ್ನಾಗಿಯೇ ಆಡುತ್ತದೆ. ಅದಕ್ಕೇ ಇದು ಕೆಟ್ಟ ತಪ್ಪು.

ಹ್ಯಾಶ್ ಟೇಬಲ್ ಸರಿಯಿದೆಯೇ ಎಂದು ನೋಡಲು ಒಂದು ಹಳೆಯ ಅಂತ್ಯವನ್ನು ಬಳಸಿದೆ, 1901ರಲ್ಲಿ ವಿಶ್ವ ಚಾಂಪಿಯನ್ ಲಾಸ್ಕರ್ ಮತ್ತು ರೈಖ್‌ಹೆಲ್ಮ್ ಸೇರಿ ರಚಿಸಿದ್ದು. ಬಿಳಿ: ರಾಜ ಎ1, ಕಾಲಾಳು ಎ4, ಡಿ4, ಡಿ5, ಎಫ್4. ಕಪ್ಪು: ರಾಜ ಎ7, ಕಾಲಾಳು ಎ5, ಡಿ6, ಎಫ್5. ಗೆಲ್ಲುವ ನಡೆ ರಾಜ ಬಿ1. ಹ್ಯಾಶ್ ಇಲ್ಲದೆ ಇದು ಸಿಗುವಷ್ಟು ಆಳಕ್ಕೆ ಇಳಿಯುವುದೇ ಕಷ್ಟ. ಹ್ಯಾಶ್ ಸರಿಯಿದ್ದರೆ ಸೆಕೆಂಡುಗಳ ಮಾತು. ನನ್ನದಕ್ಕೆ ಒಂದು ಸೆಕೆಂಡು ಸಾಕಾಯಿತು.

ಏಪ್ರಿಲ್ 14ರಿಂದ 19: 200 ಆಟ ನಂಬಿ ಕೆಟ್ಟದ್ದು

ರಾಜನ ಮುಂದಿನ ಕಾಲಾಳುಗಳಿಗೆ ಹೆಚ್ಚುವರಿ ಅಂಕ ಕೊಡುವ ಭಾಗ ಸೇರಿಸಿದೆ. ಹಳೆಯ ಆವೃತ್ತಿಯ ಎದುರು 200 ಆಟ ಆಡಿಸಿದಾಗ 78 ಗೆಲುವು, 58 ಸೋಲು, 64 ಡ್ರಾ. ಅಂದರೆ 55 ಪ್ರತಿಶತ, ಆಟದ ಬಲ ಅಳೆಯುವ ಇಲೋ ಅಂಕದಲ್ಲಿ ಸುಮಾರು 35 ಹೆಚ್ಚು. ಖುಷಿಯಾಗಿ ಮುಖ್ಯ ಕೋಡಿಗೆ ಸೇರಿಸಿ, ಅದರ ಮೇಲೆಯೇ ಮುಂದಿನ ಎರಡು ಬದಲಾವಣೆ ಮಾಡಿದೆ.

ಆ 35ರ ಪಕ್ಕದಲ್ಲೇ ಕ್ಯೂಟ್‌ಚೆಸ್ ಇನ್ನೊಂದು ಸಂಖ್ಯೆ ತೋರಿಸಿತ್ತು: ±40, ಅಂದರೆ 40ರಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಅದನ್ನು ಓದಿದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಿಜವಾದ ಬೆಲೆ ಸೊನ್ನೆಗಿಂತ ಕೆಳಗಿರಲೂಬಹುದು ಎಂದು ಅದು ಬಿಡಿಸಿ ಹೇಳಿತ್ತು.

ಮುಂದಿನ ಬದಲಾವಣೆಗಳು ಕೂಡದೇ ಹೋದಾಗ ಹಿಂದೆ ಬಂದು ಅದೇ ಜೋಡಿಯನ್ನು ಎಸ್‌ಪಿಆರ್‌ಟಿ ವಿಧಾನದಲ್ಲಿ, ಅಂದರೆ ತೀರ್ಮಾನಕ್ಕೆ ಸಾಕಷ್ಟು ಪುರಾವೆ ಸಿಗುವವರೆಗೆ ಆಟ ಬಿಡುತ್ತ ಹೋಗುವ ರೀತಿಯಲ್ಲಿ, ಆಡಿಸಿದೆ. ಕೆಳಗಿನ ಊಹೆ 0 ಇಲೋ, ಮೇಲಿನದು 10, ಎರಡೂ ಕಡೆ ತಪ್ಪಿನ ಅವಕಾಶ 0.05. ಯಾವ ಊಹೆಯ ಪರ ಎಷ್ಟು ಪುರಾವೆ ಇದೆಯೆಂದು ತೋರಿಸುವ ಎಲ್ಎಲ್ಆರ್ ಎಂಬ ಅಳತೆ 2.94 ಮುಟ್ಟಿದರೆ ಪಾಸು, ಕಳೆ 2.94 ಮುಟ್ಟಿದರೆ ಫೇಲು, ನಡುವೆ ಇರುವವರೆಗೆ ಆಟ ಮುಂದುವರಿಯಬೇಕು. ಪ್ರತಿ ಆರಂಭವನ್ನು ಬಣ್ಣ ಬದಲಿಸಿ ಎರಡು ಸಲ ಆಡಿಸಬೇಕು, ಇಲ್ಲದಿದ್ದರೆ ಒಳ್ಳೆಯ ಆರಂಭ ಸಿಕ್ಕವರಿಗೇ ಲಾಭ. ಆರಂಭದ ಪುಸ್ತಕವಿಲ್ಲದೆ ಆಡಿಸಿದರೆ ಎರಡೂ ಎಂಜಿನ್ ಅವೇ ಆಟಗಳನ್ನು ಮತ್ತೆ ಮತ್ತೆ ಆಡುತ್ತವೆ, ಎಣಿಕೆ ಏರುತ್ತದೆ, ಮಾಹಿತಿ ಏರುವುದಿಲ್ಲ.

3,742 ಆಟದ ನಂತರ: 1,119 ಗೆಲುವು, 1,127 ಸೋಲು, 1,496 ಡ್ರಾ. ಎಲ್ಎಲ್ಆರ್ ಕಳೆ 2.97. ಫೇಲು. 35 ಇಲೋ ಎಂದುಕೊಂಡದ್ದು ಸೊನ್ನೆಯ ಆಸುಪಾಸಿನಲ್ಲಿತ್ತು. ಆ ಭಾಗವನ್ನೂ ಅದರ ಮೇಲೆ ಕಟ್ಟಿದ ಎರಡನ್ನೂ ಕಿತ್ತುಹಾಕಿದೆ. ಅಲ್ಲಿಂದ ಮುಂದೆ ಒಂದು ಬದಲಾವಣೆಗೆ ಒಂದು ಪರೀಕ್ಷೆ, ಪಾಸಾಗುವವರೆಗೆ ಮುಂದಿನದನ್ನು ಮುಟ್ಟುವುದಿಲ್ಲ.

ಏಪ್ರಿಲ್ 20ರಿಂದ ಮೇ 4: ಸೆಖೆ

ಕಾಲಮಿತಿ 8 ಸೆಕೆಂಡು, ಪ್ರತಿ ನಡೆಗೆ 0.08 ಸೆಕೆಂಡು ಸೇರಿಕೆ. ಒಂದು ಆಟ ಸುಮಾರು 25 ಸೆಕೆಂಡಿನಲ್ಲಿ ಮುಗಿಯುತ್ತದೆ. ನಾಲ್ಕು ಕೋರ್ ಇವೆಯೆಂದು ನಾಲ್ಕು ಆಟ ಒಟ್ಟಿಗೆ ಬಿಟ್ಟಿದ್ದೆ, ಯಂತ್ರ ಮಾಳಿಗೆಯ ಕೋಣೆಯಲ್ಲಿ ಹಗಲೂ ರಾತ್ರಿ ಓಡುತ್ತಿತ್ತು.

ಕಾಯಿಗಳ ಓಡಾಟಕ್ಕೆ ಅಂಕ ಕೊಡುವ ಹೊಸ ಭಾಗವನ್ನು ಪರೀಕ್ಷಿಸಿದಾಗ ವಿಚಿತ್ರ ಕಂಡಿತು. ರಾತ್ರಿ ಹೊಸ ಆವೃತ್ತಿ ಮುಂದೆ, ಮಧ್ಯಾಹ್ನ ಹಿಂದೆ. ಆಟದ ಕಡತ ತೆರೆದು ಸೋಲಿನ ಕಾರಣಗಳನ್ನು ಎಣಿಸಿದೆ. 900 ಆಟದಲ್ಲಿ 47 ಸೋಲು ಸಮಯ ಮೀರಿ ಬಂದವು. ಅದರಲ್ಲಿ 39 ಹೊಸ ಆವೃತ್ತಿಯವು, 8 ಹಳೆಯದರವು. ಬಹುಪಾಲು ಮಧ್ಯಾಹ್ನ ಒಂದರಿಂದ ಐದರ ನಡುವಿನವು.

ಎರಡೂ ಆವೃತ್ತಿ ಒಂದೇ ಯಂತ್ರದಲ್ಲಿ ಓಡುತ್ತವೆ, ನಿಧಾನವಾದರೆ ಎರಡೂ ನಿಧಾನ, ಹಾಗಾಗಿ ಸೆಖೆಯಿಂದ ಫಲಿತಾಂಶ ಕೆಡುವುದಿಲ್ಲ ಎಂಬುದು ನನ್ನ ಎಣಿಕೆಯಾಗಿತ್ತು. ತಪ್ಪು ಎಲ್ಲಿತ್ತೆಂದರೆ: ಎಂಜಿನ್ 65,536 ನೋಡ್‌ಗೆ ಒಮ್ಮೆ ಮಾತ್ರ ಗಡಿಯಾರ ನೋಡುತ್ತಿತ್ತು. ಸೆಕೆಂಡಿಗೆ 18 ಲಕ್ಷ ನೋಡ್ ಓಡುವಾಗ ಅದು 36 ಮಿಲಿಸೆಕೆಂಡಿಗೆ ಒಂದು ಸಲ. ನಾನು ಇಟ್ಟುಕೊಂಡಿದ್ದ ಮೀಸಲು 40 ಮಿಲಿಸೆಕೆಂಡು. ಕೂದಲೆಳೆಯಲ್ಲಿ ಪಾರಾಗುತ್ತಿತ್ತು. ಪ್ರೊಸೆಸರ್ ಕಾದು ವೇಗ ಅರ್ಧಕ್ಕಿಳಿದಾಗ ಅದೇ 65,536 ನೋಡ್‌ಗೆ 73 ಮಿಲಿಸೆಕೆಂಡು, ಗಡಿಯಾರ ನೋಡುವ ಹೊತ್ತಿಗೆ ಸಮಯ ಮೀರಿರುತ್ತದೆ. ಹೊಸ ಆವೃತ್ತಿಗೆ ಅಂಕ ಹಾಕುವ ಕೆಲಸ ಹೆಚ್ಚು, ಅದರ ನೋಡ್‌ಗಳು ಮೊದಲೇ ನಿಧಾನ, ಆದ್ದರಿಂದ ಗೆರೆ ದಾಟುವುದರಲ್ಲಿ ಅದೇ ಮುಂದು. ನಾನು ಅಳೆಯುತ್ತಿದ್ದುದು ಆಟವನ್ನಲ್ಲ, ಕೋಣೆಯ ಬಿಸಿಯನ್ನು.

ಮಾಡಿದ ರಿಪೇರಿ ಈ ಕ್ರಮದಲ್ಲಿ. ಗಡಿಯಾರವನ್ನು 2,048 ನೋಡ್‌ಗೆ ಒಮ್ಮೆ ನೋಡುವಂತೆ ಬದಲಿಸಿದೆ, ಈಗ ಅದು ಒಂದು ಮಿಲಿಸೆಕೆಂಡಿನ ಆಸುಪಾಸು. ಒಟ್ಟಿಗೆ ಆಡುವ ಆಟ ನಾಲ್ಕರಿಂದ ಮೂರಕ್ಕೆ ಇಳಿಸಿ, ಒಂದು ಕೋರನ್ನು ಲಿನಕ್ಸ್‌ಗೂ ಕ್ಯೂಟ್‌ಚೆಸ್‌ಗೂ ಬಿಟ್ಟೆ. ಬಯೋಸ್‌ನಲ್ಲಿ ಟರ್ಬೊ ನಿಲ್ಲಿಸಿದೆ, 3.2 ಗಿಗಾಹರ್ಟ್ಸ್‌ನಲ್ಲಿ ಏರಿಳಿತವಿಲ್ಲದೆ ಓಡುವುದು, ಏರಿ ಇಳಿಯುವ 3.6ಕ್ಕಿಂತ ಪರೀಕ್ಷೆಗೆ ಎಷ್ಟೋ ಮೇಲು. ಹೀಟ್‌ಸಿಂಕ್ ಬಿಚ್ಚಿದರೆ ರೆಕ್ಕೆಗಳ ನಡುವೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು, ಹಳೆಯ ಪೇಸ್ಟ್ ಒಣಗಿ ಪುಡಿಯಾಗಿತ್ತು. ಬ್ರಷ್‌ನಿಂದ ತೆಗೆದು, ಹೊಸ ಪೇಸ್ಟ್ ಕಡಲೆಕಾಳಿನಷ್ಟು ಹಾಕಿ, ಹಿಂದೆ ಫ್ಯಾನ್ ಕೂರಿಸಿದೆ. ಮಧ್ಯಾಹ್ನದ ಉಷ್ಣತೆ 97 ಡಿಗ್ರಿಯಿಂದ 71ಕ್ಕೆ ಇಳಿಯಿತು. ಮುಂದಿನ 3,000 ಆಟದಲ್ಲಿ ಸಮಯ ಮೀರಿದ ಸೋಲು ಸೊನ್ನೆ. ಹಾಗಿದ್ದರೂ ಮೇ ಮುಗಿಯುವವರೆಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಮಾತ್ರ ಆಡಿಸಿದೆ. ಮೂರು ಆಟ ಒಟ್ಟಿಗೆ ಎಂದರೆ ಗಂಟೆಗೆ ಸುಮಾರು 430, ಒಂದು ರಾತ್ರಿಗೆ 3,400. ಕರೆಂಟ್ ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು ಹೋಗುತ್ತದೆ, ಅಷ್ಟೇ.

ಸೆಖೆಗಿಂತ ಮುಂಚಿನ ಎಲ್ಲ ಫಲಿತಾಂಶಗಳನ್ನು ರದ್ದು ಮಾಡಿ ಮತ್ತೆ ಆಡಿಸಬೇಕಾಯಿತು. ರಾಜನ ಮುಂದಿನ ಕಾಲಾಳಿನದು ಎರಡನೇ ಸಲವೂ ಫೇಲಾಯಿತು. ಓಡಾಟದ ಅಂಕ ಪಾಸಾಯಿತು.

ಮೇ 5ರಿಂದ 11: ಅಡ್ಡಮಳೆ ಮತ್ತು ಕರೆಂಟ್

ಗಾಳಿ ಎದ್ದು ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಗುತ್ತದೆ. ಒಂದು ರಾತ್ರಿ 2,100 ಆಟ ಆದಮೇಲೆ ಹೋಯಿತು. ಆಟಗಳ ಕಡತ ಉಳಿದಿತ್ತು, ಎಲ್ಎಲ್ಆರ್ ಲೆಕ್ಕ ಟರ್ಮಿನಲ್ ಜೊತೆ ಹೋಗಿತ್ತು. ಕಡತದಿಂದ ಗೆಲುವು, ಸೋಲು, ಡ್ರಾ ಎಣಿಸಿ ಕೈಯಿಂದ ಲೆಕ್ಕ ಹಾಕಬಹುದು, ಹಾಗೆಯೇ ಮಾಡಿದೆ. ಆಮೇಲೆ ಫಾಸ್ಟ್‌ಚೆಸ್‌ಗೆ ಬದಲಾಯಿಸಿದೆ, ಅದು ಆಗಾಗ ಸ್ಥಿತಿಯನ್ನು ಉಳಿಸಿಟ್ಟು ನಿಂತಲ್ಲಿಂದ ಮುಂದುವರಿಸುತ್ತದೆ. ಯುಪಿಎಸ್‌ಗೆ ಮಾನಿಟರ್ ಜೋಡಿಸಿಲ್ಲ, ಬರೀ ಸಿಪಿಯು ಪೆಟ್ಟಿಗೆ; ಹಾಗೆ 20 ನಿಮಿಷ ತಡೆಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆಡಿಸುವವರು ಗಮನಿಸಿ: ಕರೆಂಟ್ ಹೋದರೂ ಯಂತ್ರ ನಿಲ್ಲುವುದಿಲ್ಲ ನಿಜ, ಆದರೆ ಬ್ಯಾಟರಿಗೆ ಹೋದ ಕೂಡಲೇ ವೇಗ ಇಳಿಯಬಹುದು. ಅಂಥ ಆಟಗಳನ್ನು ಬೆರೆಸಬೇಡಿ.

ಮೇ 12ರಿಂದ ಜೂನ್ 1: ನಲ್ ಮೂವ್, ಎಲ್ಎಂಆರ್

ನಲ್ ಮೂವ್ ಎಂದರೆ ಸರದಿಯನ್ನು ಬಿಟ್ಟುಕೊಟ್ಟು, ಆಗಲೂ ಎದುರಾಳಿಗೆ ಏನೂ ಮಾಡಲಾಗದಿದ್ದರೆ ಆ ಕೊಂಬೆಯನ್ನು ಕತ್ತರಿಸುವುದು. ಆಳ 3 ಕಡಿತ. ಮೊದಲ ಪ್ರಯತ್ನ ಫೇಲು: ಸರದಿ ಬಿಟ್ಟಾಗ ಎನ್ ಪಾಸಾಂ ಮನೆಯನ್ನು ಅಳಿಸಿರಲಿಲ್ಲ, ಹ್ಯಾಶ್ ಕೀಲಿಯಲ್ಲೂ ಅದು ಉಳಿದಿತ್ತು. ಎರಡನೆಯ ಪ್ರಯತ್ನ ಪಾಸು, 364 ಆಟದಲ್ಲೇ ಎಲ್ಎಲ್ಆರ್ 2.94 ದಾಟಿತು. ಆದರೆ ಮೇಲೆ ಹೇಳಿದ ಲಾಸ್ಕರ್ ಅಂತ್ಯವನ್ನು ಮತ್ತೆ ಕೊಟ್ಟಾಗ ರಾಜ ಬಿ1 ಬರಲಿಲ್ಲ. ಕಾಲಾಳುಗಳ ಅಂತ್ಯದಲ್ಲಿ ಸರದಿ ಬಿಟ್ಟುಕೊಡುವುದೇ ಕೆಲವು ಸಲ ಅತ್ಯುತ್ತಮ ನಡೆ, ಆ ಅವಕಾಶ ನಿಜದ ಆಟದಲ್ಲಿಲ್ಲ. ರಾಜ ಮತ್ತು ಕಾಲಾಳು ಬಿಟ್ಟು ಬೇರೆ ಕಾಯಿ ಇಲ್ಲದಿದ್ದರೆ ನಲ್ ಮೂವ್ ಬೇಡ, ಚೆಕ್ ಇದ್ದಾಗಲೂ ಬೇಡ. ಈ ಎರಡು ಶರತ್ತು ಹಾಕಿದ ಮೇಲೆ ರಾಜ ಬಿ1 ಮರಳಿ ಬಂತು.

ಎಲ್ಎಂಆರ್‌ನಲ್ಲಿ ಪಟ್ಟಿಯಲ್ಲಿ ಕೊನೆಯ ಕಡೆಗೆ ಬರುವ ನಡೆಗಳನ್ನು ಕಡಿಮೆ ಆಳಕ್ಕೆ ನೋಡುವುದು. ಕಡಿತದ ಸೂತ್ರ: 0.75 ಕೂಡಿಸು, ಆಳದ ಲಾಗ್ ಗುಣಿಸು ನಡೆಯ ಕ್ರಮಸಂಖ್ಯೆಯ ಲಾಗ್, ಭಾಗಿಸು 2.25. ಆಳ 10, ಇಪ್ಪತ್ತನೇ ನಡೆ ಎಂದರೆ 3.8, ಪೂರ್ಣಾಂಕ 3. ಕೋಷ್ಟಕವನ್ನು ಸೊನ್ನೆಯಿಂದ ತುಂಬಿಸಿದ್ದೆ. ಸೊನ್ನೆಯ ಲಾಗ್ ಋಣ ಅನಂತ, ಅದನ್ನು ಪೂರ್ಣಾಂಕಕ್ಕೆ ತಿರುಗಿಸಿದಾಗ ಕಸ ಬಂತು. 1ರಿಂದ ತುಂಬಿಸಬೇಕು. ಕಡಿಮೆ ಆಳದಲ್ಲಿ ಅಂಕ ಆಲ್ಫಾಕ್ಕಿಂತ (ಈವರೆಗೆ ಸಿಕ್ಕ ಅತ್ಯುತ್ತಮ ಅಂಕ) ಮೇಲೆ ಬಂದರೆ ಪೂರ್ತಿ ಆಳಕ್ಕೆ ಮತ್ತೆ ನೋಡಲೇಬೇಕು. 488 ಆಟದಲ್ಲಿ ಪಾಸು. ಎಸ್‌ಪಿಆರ್‌ಟಿ ನಿಂತ ಕ್ಷಣದಲ್ಲಿ ತೋರಿಸುವ ಇಲೋ ಸಂಖ್ಯೆಯನ್ನು ಗಳಿಕೆ ಎಂದು ಕೂಡಿಸುತ್ತ ಹೋಗಬೇಡಿ, ಬೇಗ ಪಾಸಾದ ಪರೀಕ್ಷೆಯಲ್ಲಿ ಅದು ಉಬ್ಬಿರುತ್ತದೆ.

ಇದೇ ವಾರ ಬೆಂಚ್ ಎಂಬ ಪರೀಕ್ಷೆ ಸೇರಿಸಿದೆ: 12 ಸ್ಥಿತಿ, ಆಳ 9, ಒಟ್ಟು ನೋಡ್ ಸಂಖ್ಯೆ. ಬರೀ ಕೋಡ್ ಒಪ್ಪ ಮಾಡಿದ್ದರೆ ಈ ಸಂಖ್ಯೆ ಒಂದೂ ಬದಲಾಗಬಾರದು. ಒಂದು ಸಲ 28,41,377 ಇದ್ದದ್ದು 28,41,352 ಆಯಿತು. 25 ನೋಡ್‌ನ ಈ ವ್ಯತ್ಯಾಸ ಹಿಡಿದು ಹೋದಾಗ, ಒಂದು ಸ್ಥಿತಿಯ ಕಿಲ್ಲರ್ ನಡೆಗಳು (ಪಕ್ಕದ ಕೊಂಬೆಯಲ್ಲಿ ಫಲಿಸಿದ್ದರಿಂದ ಮೊದಲು ನೋಡುವ ನಡೆಗಳು) ಮುಂದಿನದಕ್ಕೂ ಉಳಿಯುತ್ತಿದ್ದುದು ಕಂಡಿತು.

ಜೂನ್ 2ರಿಂದ ಈವರೆಗೆ: ಟ್ಯೂನಿಂಗ್, ಸಿಕ್ಕಿಕೊಂಡಿದೆ

ಪೀಟರ್ ಓಸ್ಟರ್‌ಲುಂಡ್ ತಮ್ಮ ಟೆಕ್ಸೆಲ್ ಎಂಜಿನ್‌ಗೆ ಬಳಸಿದ ವಿಧಾನ: ಆಟಗಳಿಂದ ಶಾಂತ ಸ್ಥಿತಿಗಳನ್ನು ಆಯ್ದು, ಎಂಜಿನ್ ಕೊಡುವ ಅಂಕಕ್ಕೂ ಆಟದ ಕೊನೆಯ ಫಲಿತಾಂಶಕ್ಕೂ ಇರುವ ಅಂತರ ಕನಿಷ್ಠವಾಗುವಂತೆ ಕೋಷ್ಟಕದ ಸಂಖ್ಯೆಗಳನ್ನು ತಿದ್ದುವುದು. ನನ್ನದೇ ಪರೀಕ್ಷಾ ಆಟಗಳಿಂದ 3 ಲಕ್ಷ ಸ್ಥಿತಿ ತೆಗೆದೆ. ಅಂತರ ಚೆನ್ನಾಗಿ ಇಳಿಯಿತು. ಆಡಿಸಿದಾಗ ಎಸ್‌ಪಿಆರ್‌ಟಿ ಫೇಲು.

ತಿದ್ದಿದ ಸಂಖ್ಯೆಗಳನ್ನು ಕಣ್ಣಿನಿಂದ ನೋಡಿದಾಗ ಕಂಡದ್ದು: ಕುದುರೆ ಎದುರಾಳಿಯ ಮೂಲೆಯಲ್ಲಿರುವಂಥ ಅಪರೂಪದ ಮನೆಗಳಿಗೆ ಅಸಂಬದ್ಧವಾಗಿ ದೊಡ್ಡ ಅಂಕ ಬಂದಿದೆ, ಏಕೆಂದರೆ ಅಂಥ ಸ್ಥಿತಿ ಹತ್ತಾರು ಮಾತ್ರ ಇವೆ. ಜೊತೆಗೆ ಒಂದೊಂದು ಆಟದಿಂದ 40ಕ್ಕೂ ಹೆಚ್ಚು ಸ್ಥಿತಿ ತೆಗೆದಿದ್ದೆ, ಅವು ಒಂದಕ್ಕೊಂದು ತೀರಾ ಹತ್ತಿರದವು. 3 ಲಕ್ಷ ಎಂದರೂ ಬೇರೆ ಬೇರೆ ಆಟ 7,000 ಮುಟ್ಟುವುದಿಲ್ಲ.

ಈಗ ಒಂದು ಆಟದಿಂದ ಹೆಚ್ಚೆಂದರೆ 8 ಸ್ಥಿತಿ ಎಂದು ಮಿತಿ ಹಾಕಿ, ಮೊದಲ 8 ನಡೆಗಳನ್ನು ಬಿಟ್ಟು, ಚೆಕ್ ಇರುವ ಸ್ಥಿತಿಗಳನ್ನು ತೆಗೆದು, 500ಕ್ಕಿಂತ ಕಡಿಮೆ ಸಲ ಕಾಣಿಸಿದ ಮನೆಗಳಿಗೆ ಪೆಸ್ಟೊ ಸಂಖ್ಯೆಯನ್ನೇ ಉಳಿಸಿ ಮತ್ತೆ ಟ್ಯೂನ್ ಮಾಡಿದ್ದೇನೆ. ಮಳೆ ಹಿಡಿದಿದೆ, ಕೋಣೆ ತಂಪಾಗಿದೆ, ಹಗಲಲ್ಲೂ ಆಡಿಸುತ್ತಿದ್ದೇನೆ. ಜೂನ್ 22ರ ರಾತ್ರಿ ಹನ್ನೊಂದಕ್ಕೆ 2,960 ಆಟ, ಎಲ್ಎಲ್ಆರ್ 0.8, ಸಮಯ ಮೀರಿದ ಸೋಲು ಸೊನ್ನೆ. ಪರೀಕ್ಷೆ ಓಡುತ್ತಿದೆ.